ತಿರುವಿನಲ್ಲಿ ಗೆರೆ ಬಿಡುವ ರೋಬೋ: ಮೋಟರ್ ಬದಲಿಸಬೇಕೇ, ಮೈ ಇಳಿಸಬೇಕೇ?

ಪ್ರಶ್ನೆ: ನಾವು ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ರೋಬೋ ಓಟದ ಸ್ಪರ್ಧೆಗಾಗಿ ಒಂದು ಲೈನ್ ಫಾಲೋವರ್, ಅಂದರೆ ನೆಲದ ಮೇಲಿನ ಗೆರೆಯನ್ನು ತಾನೇ ಹಿಂಬಾಲಿಸಿ ಓಡುವ ರೋಬೋ, ಕಟ್ಟಿದ್ದೇವೆ. 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಅಕ್ರಿಲಿಕ್ ಹಲಗೆಗಳ ಎರಡಂತಸ್ತಿನ ಷಾಸಿ, ಹಳದಿ ಬಣ್ಣದ ಎರಡು ಬಿ.ಒ. ಮೋಟರ್ (ಗೇರ್ ಜೋಡಿಸಿದ ಸಣ್ಣ ಮೋಟರ್), 65 ಮಿ.ಮೀ. ವ್ಯಾಸದ ಚಕ್ರಗಳು, ಮೋಟರುಗಳಿಗೆ ವಿದ್ಯುತ್ ಹಾಯಿಸುವ ಎಲ್298 ಡ್ರೈವರ್, ಪ್ರೋಗ್ರಾಮ್ ನಡೆಸುವ ಆರ್ಡುಯಿನೋ ಯುನೋ ಬೋರ್ಡ್, ಎರಡು 18650 ಲಿಥಿಯಂ ಸೆಲ್, ಗೆರೆ ಗುರುತಿಸುವ ಐದು ಐಆರ್ (ಅವಕೆಂಪು) ಸೆನ್ಸರ್ ಮಾಡ್ಯೂಲ್, ಮುಂದೆ ಆಸರೆಗೆ ಎಲ್ಲ ಕಡೆಗೂ ಉರುಳುವ ಲೋಹದ ಗುಂಡಿನ ಬಾಲ್ ಕ್ಯಾಸ್ಟರ್ ಹಾಕಿದ್ದೇವೆ. ಎರಡು ಚಕ್ರಗಳ ನಡುವಿನ ಅಂತರ 18 ಸೆಂ.ಮೀ., ಒಟ್ಟು ತೂಕ ಸುಮಾರು 630 ಗ್ರಾಂ. ನೇರ ಗೆರೆಯಲ್ಲಿ ಚೆನ್ನಾಗಿ ಓಡುತ್ತದೆ, ವೇಗ ಹೆಚ್ಚಿಸಿದರೆ ತಿರುವಿನಲ್ಲಿ ಗೆರೆ ಬಿಟ್ಟು ಹೊರಗೆ ಹೋಗುತ್ತದೆ. ಸ್ಪರ್ಧೆಯ ನಿಯಮದಂತೆ ತಿರುವಿನ ಕನಿಷ್ಠ ತ್ರಿಜ್ಯ 10 ಸೆಂ.ಮೀ. ಹೆಚ್ಚು ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತುಗಳು) ಇರುವ ಮೋಟರ್ ಹಾಕಬೇಕೇ? ಷಾಸಿಯನ್ನು ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್‌ಗೆ ಬದಲಿಸಿದರೆ ಸಾಕೇ?

ಉತ್ತರ: ಅಳತೆಗಳನ್ನೂ ತೂಕವನ್ನೂ ಬರೆದು ಕಳಿಸಿದ್ದೀರಿ, ಅದರಿಂದ ನನ್ನ ಕೆಲಸ ಅರ್ಧ ಮುಗಿದಂತಾಯಿತು. ಷಾಸಿಯ ವಸ್ತುವನ್ನು ಮಾತ್ರ ಬದಲಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. ಮೋಟರ್ ವಿಷಯದಲ್ಲಿ ನಿಮ್ಮ ಊಹೆ ಅರ್ಧ ಸರಿ, ಆದರೆ ಅದಕ್ಕೆ ಕಾರಣ ನೀವು ಅಂದುಕೊಂಡದ್ದಲ್ಲ. ಈ ರೋಬೋವಿನ ನಿಜವಾದ ತೊಂದರೆ ಅದರ ಮೈಯ ಅಗಲ, ಉದ್ದ ಮತ್ತು ಆ ಮೈಯಲ್ಲಿ ಭಾರ ಹಂಚಿಹೋಗಿರುವ ರೀತಿಯಲ್ಲಿದೆ.

ರೋಬೋ ಗೆರೆ ಬಿಡುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಟೈರ್ ಹಿಡಿತ ತಪ್ಪಿ ಇಡೀ ರೋಬೋ ಹೊರಗೆ ಜಾರಬಹುದು. ಹಿಡಿತ ಇದ್ದರೂ ಮೂತಿ ಬೇಕಾದಷ್ಟು ಬೇಗ ತಿರುಗದಿರಬಹುದು. ಇಲ್ಲವೇ ತಿರುವು ಬಂದದ್ದು ರೋಬೋವಿಗೆ ತಡವಾಗಿ ಕಂಡಿರಬಹುದು. ಬರಿಗಣ್ಣಿಗೆ ಮೂರೂ ಒಂದೇ ರೀತಿ ಕಾಣುತ್ತವೆ, ಹಾಗಾಗಿ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ತಿರುವನ್ನು ಮೇಲಿನಿಂದ ಚಿತ್ರೀಕರಿಸಿ ನೋಡಿ. ಮೂತಿ ತಿರುವಿನ ಕಡೆಗೇ ನೆಟ್ಟಿದ್ದು ದೇಹ ಮಾತ್ರ ಪಕ್ಕಕ್ಕೆ ಸರಿಯುತ್ತಿದ್ದರೆ ಹಿಡಿತದ ಕೊರತೆ. ಚಕ್ರಗಳು ಜಾರದೆ ಉರುಳುತ್ತಿದ್ದು ಮೂತಿ ಮಾತ್ರ ನೇರವಾಗಿ ಮುಂದೆ ಹೋಗುತ್ತಿದ್ದರೆ ಉಳಿದೆರಡರಲ್ಲಿ ಒಂದು. ನಿಮ್ಮ ಅಳತೆಗಳನ್ನು ಲೆಕ್ಕ ಹಾಕಿದ ಮೇಲೆ, ನಿಮಗೆ ಎರಡನೆಯದು ಕಾಣಿಸುತ್ತದೆಂದು ನನಗೆ ಬಹುಮಟ್ಟಿಗೆ ಖಚಿತವಾಗಿದೆ.

ಆ ಲೆಕ್ಕ ಹೀಗಿದೆ. ಬಿ.ಒ. ಮೋಟರ್ 6 ವೋಲ್ಟಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 200 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. 65 ಮಿ.ಮೀ. ಚಕ್ರದ ಸುತ್ತಳತೆ 20.4 ಸೆಂ.ಮೀ. ಆದುದರಿಂದ ಭಾರವಿಲ್ಲದೆ ಸಿಗುವ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 0.68 ಮೀಟರ್. ಈಗ 10 ಸೆಂ.ಮೀ. ತ್ರಿಜ್ಯದ ತಿರುವನ್ನು ತೆಗೆದುಕೊಳ್ಳಿ. ಚಕ್ರಗಳ ನಡುವೆ 18 ಸೆಂ.ಮೀ. ಇರುವುದರಿಂದ ಹೊರಗಿನ ಚಕ್ರ 19 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿಯೂ ಒಳಗಿನ ಚಕ್ರ 1 ಸೆಂ.ಮೀ. ತ್ರಿಜ್ಯದ ವೃತ್ತದಲ್ಲಿಯೂ ಓಡಬೇಕಾಗುತ್ತದೆ. ಹೊರಗಿನ ಚಕ್ರದ ವೇಗ ರೋಬೋವಿನ ನಡುವಿನ ವೇಗದ 1.9 ಪಟ್ಟು ಇರಬೇಕು, ಒಳಗಿನದು ಹೆಚ್ಚುಕಡಿಮೆ ನಿಂತಲ್ಲೇ ತಿರುಗಬೇಕು. ಹೊರಗಿನ ಚಕ್ರ ತನ್ನ ಪೂರ್ಣ ಶಕ್ತಿಯಲ್ಲಿ 0.68 ಮೀಟರ್ ವೇಗದಲ್ಲಿ ಓಡಿದರೂ ರೋಬೋವಿನ ನಡುಭಾಗ ಸೆಕೆಂಡಿಗೆ 0.36 ಮೀಟರಿಗಿಂತ ಬೇಗ ಆ ತಿರುವನ್ನು ದಾಟಲಾರದು. ನೇರ ಗೆರೆಯಲ್ಲಿಯೇ ಪಿಡಬ್ಲ್ಯುಎಂ (ಮೋಟರಿಗೆ ಎಷ್ಟು ವಿದ್ಯುತ್ ಎಂದು ಹೇಳುವ 0ರಿಂದ 255ರವರೆಗಿನ ಅಂಕಿ) 255ಕ್ಕೆ ಏರಿಸಿಟ್ಟಿದ್ದರೆ, ತಿರುವಿನಲ್ಲಿ ಪಿಐಡಿ (ಗೆರೆಯಿಂದ ಎಷ್ಟು ಸರಿದಿದೆ ಎಂದು ನೋಡಿ ಚಕ್ರಗಳ ವೇಗ ತಿದ್ದುವ ಲೆಕ್ಕ) ಎಷ್ಟು ಕೂಗಿಕೊಂಡರೂ ಹೊರಗಿನ ಮೋಟರಿಗೆ ಕೊಡಲು ಏನೂ ಉಳಿದಿರುವುದಿಲ್ಲ. ಒಳಗಿನ ಚಕ್ರ ತನ್ನ ವೇಗ ಕಳೆದುಕೊಳ್ಳುವ ಹೊತ್ತಿಗೆ ಗೆರೆ ಸೆನ್ಸರುಗಳ ಆಚೆ ಹೋಗಿರುತ್ತದೆ.

ಮೋಟರಿನ ಆರ್‌ಪಿಎಂ ಹೆಚ್ಚಬೇಕಾದದ್ದು ಈ ಅರ್ಥದಲ್ಲಿ: ನೇರದಲ್ಲಿ ಹಾರಿ ಹೋಗುವುದಕ್ಕಲ್ಲ, ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಒಂದಿಷ್ಟು ಉಳಿಕೆ ಇರಲೆಂದು. ಆದರೆ ಅದಕ್ಕಿಂತ ಸುಲಭದ ದಾರಿ ಚಕ್ರಗಳನ್ನು ಹತ್ತಿರ ತರುವುದು. ಅಂತರ 9 ಸೆಂ.ಮೀ.ಗೆ ಇಳಿದರೆ ಅದೇ ತಿರುವಿನಲ್ಲಿ ಹೊರಚಕ್ರಕ್ಕೆ ಬೇಕಾದ ವೇಗ 1.9 ಪಟ್ಟಿನಿಂದ 1.45 ಪಟ್ಟಿಗೆ ಇಳಿಯುತ್ತದೆ.

ಇನ್ನು ಹಗುರತನದ ವಿಷಯ. ಭೌತಶಾಸ್ತ್ರ ಓದಿದವರಿಗೆ ಇಲ್ಲಿ ಒಂದು ಸಂಶಯ ಬರಬೇಕು, ಬಾರದಿದ್ದರೆ ನಾನೇ ಎತ್ತುತ್ತೇನೆ. ತಿರುವಿನಲ್ಲಿ ಬೇಕಾಗುವ ಕೇಂದ್ರಾಭಿಮುಖ ಬಲ ದ್ರವ್ಯರಾಶಿಗೆ ಅನುಪಾತದಲ್ಲಿದೆ, ಟೈರ್ ಕೊಡುವ ಘರ್ಷಣ ಬಲವೂ ದ್ರವ್ಯರಾಶಿಗೆ ಅನುಪಾತದಲ್ಲಿದೆ. ಸಮೀಕರಣದ ಎರಡೂ ಕಡೆಯಿಂದ ಅದು ಹೊಡೆದುಹೋಗುತ್ತದೆ. ಉಳಿಯುವುದು ಇಷ್ಟೇ: ಜಾರದೆ ತಿರುಗಬಲ್ಲ ಗರಿಷ್ಠ ವೇಗವೆಂದರೆ ಘರ್ಷಣಾಂಕ (ಟೈರ್ ನೆಲವನ್ನು ಎಷ್ಟು ಹಿಡಿಯುತ್ತದೆ ಎಂಬ ಅಂಕಿ), ಗುರುತ್ವ ವೇಗೋತ್ಕರ್ಷ ಮತ್ತು ತ್ರಿಜ್ಯ ಈ ಮೂರರ ಗುಣಲಬ್ಧದ ವರ್ಗಮೂಲ. ಘರ್ಷಣಾಂಕ 0.9 ಇದ್ದರೆ 10 ಸೆಂ.ಮೀ. ತಿರುವಿನಲ್ಲಿ ಈ ವೇಗ ಸೆಕೆಂಡಿಗೆ 0.94 ಮೀಟರ್, 630 ಗ್ರಾಮಿನ ರೋಬೋವಿಗೂ 100 ಗ್ರಾಮಿನ ರೋಬೋವಿಗೂ ಒಂದೇ. ಹಾಗಿದ್ದರೆ ಎಲ್ಲರೂ ಹಗುರ ಮಾಡಿ ಎಂದು ಏಕೆ ಹೇಳುತ್ತಾರೆ?

ಮೊದಲನೆಯ ಕಾರಣ ವೇಗ ಏರಿಸುವುದು ಮತ್ತು ಇಳಿಸುವುದು. ಮೋಟರ್ ಕೊಡುವ ಬಲಕ್ಕೆ ಒಂದು ಮಿತಿಯಿದೆ. ಅದೇ ಬಲ 630 ಗ್ರಾಮನ್ನು ತಳ್ಳುವುದಕ್ಕೂ 105 ಗ್ರಾಮನ್ನು ತಳ್ಳುವುದಕ್ಕೂ ಆರು ಪಟ್ಟು ವ್ಯತ್ಯಾಸವಿದೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬರುವ ರೋಬೋ ತಿರುವಿಗೆ ಮುನ್ನ 1 ಮೀಟರಿಗೆ ಇಳಿಯಬೇಕಾದರೆ, ವೇಗ ಇಳಿಯುವ ದರ ಸೆಕೆಂಡ್ ವರ್ಗಕ್ಕೆ 3 ಮೀಟರ್ ಇದ್ದಾಗ ಅರ್ಧ ಮೀಟರ್ ದಾರಿ ಬೇಕು, 8 ಮೀಟರ್ ಇದ್ದಾಗ 19 ಸೆಂ.ಮೀ. ಸಾಕು. ಆ ಉಳಿದ 31 ಸೆಂ.ಮೀ. ದೂರವನ್ನು ಹಗುರವಾದ ರೋಬೋ ಪೂರ್ಣ ವೇಗದಲ್ಲಿಯೇ ಓಡಿ ಮುಗಿಸುತ್ತದೆ, ಪ್ರತಿ ತಿರುವಿನಲ್ಲೂ. ಎರಡನೆಯದಾಗಿ, ರಬ್ಬರಿನ ಘರ್ಷಣಾಂಕ ಸ್ಥಿರವಲ್ಲ. ಮೇಲಿನ ಭಾರ ಹೆಚ್ಚಿದಂತೆ ಅದು ಇಳಿಯುತ್ತದೆ, ಹಾಗಾಗಿ ಪಠ್ಯಪುಸ್ತಕದ ಸಮೀಕರಣದಲ್ಲಿ ಹೊಡೆದುಹೋದ ದ್ರವ್ಯರಾಶಿ ಹಿಂಬಾಗಿಲಿನಿಂದ ಸ್ವಲ್ಪ ಮಟ್ಟಿಗೆ ಒಳಗೆ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಅದು ತಿರುಗುವಿಕೆಯ ಜಡತ್ವ.

ಸೆಕೆಂಡಿಗೆ 1 ಮೀಟರ್ ವೇಗದಲ್ಲಿ 10 ಸೆಂ.ಮೀ. ತಿರುವಿಗೆ ಪ್ರವೇಶಿಸುವ ರೋಬೋ, ನೇರ ಹೋಗುತ್ತಿದ್ದದ್ದು ಕ್ಷಣಮಾತ್ರದಲ್ಲಿ ಸೆಕೆಂಡಿಗೆ 10 ರೇಡಿಯನ್ ವೇಗದಲ್ಲಿ ತನ್ನ ಸುತ್ತ ತಾನೇ ತಿರುಗತೊಡಗಬೇಕು. ಸೆಕೆಂಡಿಗೆ ಒಂದೂವರೆ ಸುತ್ತಿಗಿಂತ ಹೆಚ್ಚು. ಇದಕ್ಕೆ ಅಡ್ಡ ಬರುವುದು ಬರಿಯ ತೂಕವಲ್ಲ, ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗ. ನಿಮ್ಮ ಹಲಗೆಗಳನ್ನೇ ತೂಗಿ ನೋಡೋಣ. ಅಕ್ರಿಲಿಕ್‌ನ ಸಾಂದ್ರತೆ ಘನ ಸೆಂ.ಮೀ.ಗೆ 1.19 ಗ್ರಾಂ. 20 × 15 ಸೆಂ.ಮೀ., 3 ಮಿ.ಮೀ. ದಪ್ಪದ ಒಂದು ಹಲಗೆ 107 ಗ್ರಾಂ ತೂಗುತ್ತದೆ, ಎರಡು ಸೇರಿ 214 ಗ್ರಾಂ. ನಿಮ್ಮ ರೋಬೋವಿನ ಮೂರನೇ ಒಂದು ಭಾಗ ಬರಿಯ ಹಲಗೆ! ಅವುಗಳ ತಿರುಗು ಜಡತ್ವ ಸುಮಾರು 11,100 ಗ್ರಾಂ·ಚದರ ಸೆಂ.ಮೀ. ಇದರ ಬದಲು 10 × 8 ಸೆಂ.ಮೀ. ಅಳತೆಯ, 1.6 ಮಿ.ಮೀ. ದಪ್ಪದ ಗ್ಲಾಸ್ ಎಪಾಕ್ಸಿ ಸರ್ಕ್ಯೂಟ್ ಬೋರ್ಡನ್ನೇ ಷಾಸಿಯನ್ನಾಗಿ ಬಳಸಿದರೆ ಅದರ ತೂಕ 24 ಗ್ರಾಂ, ಜಡತ್ವ 330ರ ಆಸುಪಾಸು. ತೂಕ ಒಂಬತ್ತರಲ್ಲಿ ಒಂದು ಭಾಗವಾಯಿತು, ತಿರುಗುವುದಕ್ಕೆ ಒಡ್ಡುವ ಅಡ್ಡಿ ಮೂವತ್ತಮೂರರಲ್ಲಿ ಒಂದು ಭಾಗವಾಯಿತು. ಅಲ್ಯೂಮಿನಿಯಂ, ಕಾರ್ಬನ್ ಫೈಬರ್ ಎಂದು ಹುಡುಕುವ ಮೊದಲು ಹಲಗೆಯ ಅಳತೆಯನ್ನು ಕತ್ತರಿಸಿ ಎಂದು ನಾನು ಹೇಳುವುದು ಇದಕ್ಕೇ. ಅಲ್ಯೂಮಿನಿಯಂ ಅಕ್ರಿಲಿಕ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಸಾಂದ್ರವಾದದ್ದು. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ, ಅದರ ಮೇಲೆ ಸರ್ಕ್ಯೂಟನ್ನು ನೇರವಾಗಿ ಕೂರಿಸಿ ಶಾರ್ಟ್ ಮಾಡಿಕೊಂಡವರಿದ್ದಾರೆ. ಮೋಟರ್, ಡ್ರೈವರ್, ಮೈಕ್ರೋಕಂಟ್ರೋಲರ್ ಎಲ್ಲವನ್ನೂ ಹೊತ್ತ ಒಂದೇ ಸರ್ಕ್ಯೂಟ್ ಬೋರ್ಡ್ ಷಾಸಿಯೂ ಆಗುತ್ತದೆ, ವೈರಿಂಗೂ ಆಗುತ್ತದೆ. ಬೋರ್ಡ್ ವಿನ್ಯಾಸ ಮಾಡುವಷ್ಟು ಸಮಯವಿಲ್ಲದಿದ್ದರೆ ಅದೇ ಅಳತೆಯ ಡಾಟ್ ಬೋರ್ಡಿನಿಂದ (ಸಾಲು ರಂಧ್ರಗಳಿರುವ ಸಿದ್ಧ ಬೋರ್ಡ್) ಆರಂಭಿಸಿ.

ಉಳಿದ ತೂಕ ಎಲ್ಲಿಂದ ಬಂತು ಎಂದು ಒಮ್ಮೆ ಬಿಡಿಬಿಡಿಯಾಗಿ ತೂಗಿ ಬರೆಯಿರಿ, ತಂಡದಲ್ಲಿ ಎಲ್ಲರೂ ಅದನ್ನು ನೋಡಲಿ. 18650 ಸೆಲ್ ಒಂದೊಂದೂ 45 ಗ್ರಾಂ, ಹೋಲ್ಡರ್ ಬೇರೆ. ಬಿ.ಒ. ಮೋಟರ್ ಒಂದಕ್ಕೆ 30 ಗ್ರಾಂ, ಅದರ ಚಕ್ರಕ್ಕೂ ಹೆಚ್ಚುಕಡಿಮೆ ಅಷ್ಟೇ. ಯುನೋ ಬೋರ್ಡ್ 25 ಗ್ರಾಂ. ಹಿತ್ತಾಳೆಯ ಸ್ಪೇಸರ್, ಸ್ಕ್ರೂ, ಜಂಪರ್ ವೈರ್ ಇವೆಲ್ಲ ಸೇರಿ ಒಂದು ಮೋಟರಿಗಿಂತ ಹೆಚ್ಚು ತೂಗಿದರೆ ಆಶ್ಚರ್ಯಪಡಬೇಡಿ. ಇವುಗಳ ಜಾಗದಲ್ಲಿ ತಲಾ 10 ಗ್ರಾಮಿನ ಎರಡು ಎನ್20 ಮೋಟರ್ (ಗೇರ್ ಜೋಡಿಸಿದ ಪುಟ್ಟ ಮೋಟರ್), 32 ಮಿ.ಮೀ. ಚಕ್ರಗಳು, 300 ಎಂಎಎಚ್‌ನ ಎರಡು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಆರ್ಡುಯಿನೋ ನ್ಯಾನೋ ಬೋರ್ಡ್, ಒಂದು ಸಣ್ಣ ಮಾಸ್ಫೆಟ್ (ಕಡಿಮೆ ವೋಲ್ಟ್ ನುಂಗುವ ಬಗೆಯ ಟ್ರಾನ್ಸಿಸ್ಟರ್) ಡ್ರೈವರ್, ಎಂಟು ಸೆನ್ಸರುಗಳ ತೆಳುವಾದ ಪಟ್ಟಿ ಹಾಕಿದರೆ, ಷಾಸಿಯೂ ಸೇರಿ 105ರಿಂದ 120 ಗ್ರಾಮಿನೊಳಗೆ ನಿಲ್ಲುತ್ತದೆ. ಅಚ್ಚರಿಯ ತಂತ್ರವೇನೂ ಇದರಲ್ಲಿಲ್ಲ.

ಮೋಟರ್ ಆರಿಸುವಾಗ ಗೇರ್ ಅನುಪಾತ ಮತ್ತು ಚಕ್ರದ ವ್ಯಾಸವನ್ನು ಒಟ್ಟಿಗೇ ಲೆಕ್ಕ ಹಾಕಬೇಕು. 6 ವೋಲ್ಟಿನಲ್ಲಿ ನಿಮಿಷಕ್ಕೆ 1000 ಸುತ್ತು ತಿರುಗುವ ಎನ್20 ಮೋಟರ್ 32 ಮಿ.ಮೀ. ಚಕ್ರದೊಂದಿಗೆ ಭಾರವಿಲ್ಲದೆ ಸೆಕೆಂಡಿಗೆ 1.67 ಮೀಟರ್ ಕೊಡುತ್ತದೆ. ಮೇಲೆ ಹೇಳಿದ 0.94 ಮೀಟರಿನ ತಿರುವಿನಲ್ಲಿ ಹೊರಚಕ್ರಕ್ಕೆ 1.36 ಮೀಟರ್ ಸಾಕಾದ್ದರಿಂದ ನಿಮಗೆ ಬೇಕಾದ ಉಳಿಕೆ ಇಲ್ಲಿದೆ. ನಿಮಿಷಕ್ಕೆ 3000 ಸುತ್ತಿನ ಮೋಟರೂ ಇದೇ ಗಾತ್ರದಲ್ಲಿ ಸಿಗುತ್ತದೆ, ಕಾಗದದ ಮೇಲೆ ಅದು 5 ಮೀಟರ್ ಕೊಡುತ್ತದೆ. ಆದರೆ ಅದೇ ಮೋಟರಿಗೆ ಗೇರ್ ಕಡಿಮೆ ಮಾಡಿ ಪಡೆದ ವೇಗವಾದ್ದರಿಂದ ಟಾರ್ಕ್ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ, ಮತ್ತು ತಿರುವುಗಳಿಂದ ತುಂಬಿದ ಅಂಕಣದಲ್ಲಿ ಆ ವೇಗವನ್ನು ಮುಟ್ಟುವಷ್ಟು ನೇರ ದಾರಿ ಸಿಗುವುದು ಅಪರೂಪ. ಡಿಸಿ ಮೋಟರ್ ತನ್ನ ಗರಿಷ್ಠ ಶಕ್ತಿಯನ್ನು ಕೊಡುವುದು ಭಾರವಿಲ್ಲದ ವೇಗದ ಅರ್ಧದಲ್ಲಿ. ನಿಮ್ಮ ರೋಬೋ ಹೆಚ್ಚು ಹೊತ್ತು ಓಡುವ ವೇಗ ಆ ಅರ್ಧಕ್ಕಿಂತ ಸ್ವಲ್ಪ ಮೇಲಿರುವಂತೆ ಗೇರ್ ಆರಿಸಿದರೆ ವೇಗ ಏರಿಸುವುದಕ್ಕೂ ಇಳಿಸುವುದಕ್ಕೂ ಕಸುವು ಉಳಿಯುತ್ತದೆ. ಮೊದಲ ರೋಬೋವಿಗೆ ನಾನಾದರೆ 1000 ಸುತ್ತಿನದನ್ನೇ ಹಾಕುತ್ತೇನೆ.

ಎಲ್298 ಡ್ರೈವರನ್ನು ದಯವಿಟ್ಟು ಬಿಡಿ. ಅದು ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರುಗಳ ಚಿಪ್, ತನ್ನಲ್ಲೇ ಸುಮಾರು 2 ವೋಲ್ಟ್ ನುಂಗಿ ಅದನ್ನು ಶಾಖವಾಗಿ ಮಾಡುತ್ತದೆ, ಆ ಶಾಖವನ್ನು ಹೊರಹಾಕಲು ಹೊತ್ತಿರುವ ಅಲ್ಯೂಮಿನಿಯಂ ಹೀಟ್ ಸಿಂಕನ್ನು ನಿಮ್ಮ ಮೋಟರುಗಳು ಹೊತ್ತು ಓಡಬೇಕು. ಟಿಬಿ6612 ಅಥವಾ ಡಿಆರ್‌ವಿ8833 ಮಾಸ್ಫೆಟ್ ಚಿಪ್‌ಗಳು ಎರಡು ಎನ್20 ಮೋಟರುಗಳಿಗೆ ಸಾಕು, ತೂಕ ಎರಡು ಮೂರು ಗ್ರಾಂ ಮಾತ್ರ.

ಎತ್ತರದ ವಿಷಯಕ್ಕೆ ಬರೋಣ, ಏಕೆಂದರೆ ಚಕ್ರಗಳನ್ನು ಹತ್ತಿರ ತಂದರೆ ಮಗುಚುವ ಭಯ ಹುಟ್ಟುತ್ತದೆ. ಚಕ್ರಗಳ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆ ಘರ್ಷಣಾಂಕಕ್ಕಿಂತ ದೊಡ್ಡದಿದ್ದರೆ ರೋಬೋ ಮಗುಚುವ ಮೊದಲು ಜಾರುತ್ತದೆ, ಅಂದರೆ ಕ್ಷೇಮ. ಅರ್ಧ ಅಂತರ 4.5, ಎತ್ತರ 1.5 ಸೆಂ.ಮೀ. ಆದರೆ 3 ಬರುತ್ತದೆ. ಎರಡಂತಸ್ತು ಕಟ್ಟಿ ಮೇಲಿನ ಅಂತಸ್ತಿನಲ್ಲಿ ಬ್ಯಾಟರಿ ಇಟ್ಟರೆ ಈ ಸಂಖ್ಯೆ 1ರ ಹತ್ತಿರಕ್ಕೆ ಇಳಿದು ಒಳ್ಳೆಯ ಟೈರೇ ಶತ್ರುವಾಗುತ್ತದೆ. ಬ್ಯಾಟರಿ ಹಲಗೆಗೆ ಅಂಟಿಕೊಂಡು ಮಲಗಿರಲಿ, ಅದರ ಸ್ಥಾನ ಚಕ್ರದ ಅಚ್ಚಿನ ಹತ್ತಿರ, ತುಸು ಮುಂದೆ ಇರಲಿ. ತುಸು ಮುಂದೆ ಎಂದದ್ದಕ್ಕೂ ಅಳತೆಯಿದೆ. ಗುರುತ್ವ ಕೇಂದ್ರ 1.5 ಸೆಂ.ಮೀ. ಎತ್ತರದಲ್ಲಿದ್ದು ರೋಬೋ ಗುರುತ್ವದಷ್ಟೇ ವೇಗೋತ್ಕರ್ಷದಲ್ಲಿ ಹೊರಟರೆ, ಕೇಂದ್ರ ಅಚ್ಚಿನಿಂದ 1.5 ಸೆಂ.ಮೀ. ಮುಂದಿರದಿದ್ದಲ್ಲಿ ಮೂತಿ ಮೇಲೆದ್ದು ಸೆನ್ಸರಿಗೆ ಗೆರೆ ಕಾಣದಂತಾಗುತ್ತದೆ. ಅದಕ್ಕಿಂತ ಹೆಚ್ಚು ಮುಂದೆ ತಂದರೆ ಭಾರವೆಲ್ಲ ಕ್ಯಾಸ್ಟರಿನ ಮೇಲೆ ಬಿದ್ದು, ಎಳೆಯುವ ಚಕ್ರಗಳ ಹಿಡಿತಕ್ಕೆ ಒದಗುವುದಿಲ್ಲ. ಅಂದಹಾಗೆ ಆ ಲೋಹದ ಬಾಲ್ ಕ್ಯಾಸ್ಟರ್ ತೂಕವೂ ಹೆಚ್ಚು, ಕೂದಲು ಧೂಳು ಸೇರಿ ಕಚ್ಚಿಕೊಳ್ಳುವುದೂ ಹೆಚ್ಚು. ನುಣುಪಾದ ಪ್ಲಾಸ್ಟಿಕ್ಕಿನ ಒಂದು ಉಬ್ಬು, ಜಾರುಗಾಲಿನಂತೆ, ಅದರ ಕೆಲಸವನ್ನು ಮಾಡುತ್ತದೆ.

ಇವೆಲ್ಲವನ್ನೂ ಒಂದೇ ಪ್ರಯೋಗದಲ್ಲಿ ನೋಡುವ ಉಪಾಯವೊಂದಿದೆ. ಅಂಕಣಕ್ಕೆ ಬಳಸುವ ಹಾಳೆಯನ್ನೇ ಒಂದು ಹಲಗೆಯ ಮೇಲೆ ಅಂಟಿಸಿ, ಅದರ ಮೇಲೆ ರೋಬೋವನ್ನು ಅಡ್ಡಲಾಗಿ, ಅಂದರೆ ಇಳಿಜಾರು ಅದರ ಪಕ್ಕಕ್ಕೆ ಬರುವಂತೆ ನಿಲ್ಲಿಸಿ. ಹಲಗೆಯ ಒಂದು ಅಂಚನ್ನು ನಿಧಾನವಾಗಿ ಎತ್ತುತ್ತ ಹೋಗಿ. ರೋಬೋ ಜಾರಲು ಆರಂಭಿಸಿದ ಕೋನದ ಟ್ಯಾಂಜೆಂಟ್ ನಿಮ್ಮ ಟೈರಿನ ಘರ್ಷಣಾಂಕ. 45 ಡಿಗ್ರಿಯಲ್ಲಿ ಜಾರಿದರೆ ಅದು 1, 35 ಡಿಗ್ರಿಯಲ್ಲಿ ಜಾರಿದರೆ 0.7. ಜಾರುವ ಮೊದಲೇ ಮಗುಚಿದರೆ ಭಾರ ಎತ್ತರದಲ್ಲಿದೆ. ಚಕ್ರಗಳು ಕದಲದೆ ಮೂತಿ ಮಾತ್ರ ಕೆಳಕ್ಕೆ ಜಾರಿ ರೋಬೋ ತಿರುಗಿಕೊಂಡರೆ ಮುಂಭಾಗದಲ್ಲಿ ಭಾರ ಹೆಚ್ಚಿದೆ. ಐದು ನಿಮಿಷದ ಕೆಲಸ, ಆದರೆ ಟೈರ್ ಬದಲಿಸಿದಾಗ, ಬ್ಯಾಟರಿ ಸರಿಸಿದಾಗ ಪ್ರತಿ ಸಲ ಮಾಡಿ ಕೋನವನ್ನು ಬರೆದಿಡಿ.

ಟೈರ್ ಮೆತ್ತಗಿರಬೇಕು, ಅದಕ್ಕಿಂತ ಹೆಚ್ಚಾಗಿ ಶುಚಿಯಾಗಿರಬೇಕು. ಸಿಲಿಕೋನ್ ಟೈರ್ ಧೂಳಿನ ನೆಲದಲ್ಲಿ ಎರಡು ಸುತ್ತು ಓಡಿದರೆ ಸಾಕು, ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿ ಹಿಡಿತ ಕಾಣುವಷ್ಟು ಇಳಿಯುತ್ತದೆ. ಪ್ರತಿ ಓಟಕ್ಕೂ ಮುನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿದ ಬಟ್ಟೆಯಿಂದ ಒರಸಿ, ಅಥವಾ ಅಂಟು ಟೇಪಿನ ಮೇಲೆ ಉರುಳಿಸಿ.

ಸೆನ್ಸರಿನ ವಿಷಯದಲ್ಲಿ ಎರಡು ತಪ್ಪುಗಳನ್ನು ಬಹಳ ತಂಡಗಳಲ್ಲಿ ನೋಡಿದ್ದೇನೆ, ನಿಮ್ಮಲ್ಲಿ ಮೊದಲನೆಯದು ಖಂಡಿತವಾಗಿ ಇದೆ. ಸ್ಕ್ರೂ ತಿರುಗಿಸಿ ಮಟ್ಟ ಹೊಂದಿಸುವ ಐಆರ್ ಮಾಡ್ಯೂಲುಗಳು ಕಪ್ಪು ಅಥವಾ ಬಿಳಿ ಎಂದು ಎರಡೇ ಮಾತು ಹೇಳುತ್ತವೆ. ಐದು ಮಾಡ್ಯೂಲುಗಳಿಂದ ರೋಬೋವಿಗೆ ಗೆರೆಯ ಸ್ಥಾನ ಹೆಚ್ಚೆಂದರೆ ಒಂಬತ್ತು ಮೆಟ್ಟಿಲುಗಳಲ್ಲಿ ತಿಳಿಯುತ್ತದೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜಿಗಿದಾಗ ಪಿಐಡಿಯ ಡಿ ಪದ (ತಪ್ಪು ಎಷ್ಟು ಬೇಗ ಬದಲಾಗುತ್ತಿದೆ ಎಂಬುದಕ್ಕೆ ಸ್ಪಂದಿಸುವ ಭಾಗ) ಹುಚ್ಚೆದ್ದು ಒಮ್ಮೆ ಒದೆಯುತ್ತದೆ, ನಡುವೆ ಸುಮ್ಮನಿರುತ್ತದೆ. ಅನಲಾಗ್ ಮೌಲ್ಯ ಕೊಡುವ ಸೆನ್ಸರುಗಳನ್ನು ಬಳಸಿ, ಪ್ರತಿಯೊಂದರ ಕನಿಷ್ಠ ಮತ್ತು ಗರಿಷ್ಠ ಓದುವಿಕೆಯನ್ನು ಓಟಕ್ಕೆ ಮುನ್ನ ಗೆರೆಯ ಮೇಲೆ ಆಡಿಸಿ ಗುರುತಿಸಿಕೊಂಡು, ಪ್ರತಿ ಸೆನ್ಸರಿನ ಸ್ಥಾನಕ್ಕೆ ಅದರ ಓದುವಿಕೆಯಷ್ಟು ಪ್ರಾಧಾನ್ಯ ಕೊಟ್ಟು ತೆಗೆದ ಸರಾಸರಿಯಿಂದ ಗೆರೆಯ ಸ್ಥಾನ ಕಂಡುಹಿಡಿಯಿರಿ. ಆಗ ಮಿಲಿಮೀಟರಿಗಿಂತ ಸಣ್ಣ ಬದಲಾವಣೆಯೂ ತಿಳಿಯುತ್ತದೆ.

ಎರಡನೆಯ ತಪ್ಪು ಸೆನ್ಸರ್ ಪಟ್ಟಿಯನ್ನು ಮಿತಿಮೀರಿ ಮುಂದೆ ಚಾಚುವುದು. ಮುಂದೆ ಇಟ್ಟಷ್ಟೂ ತಿರುವು ಬೇಗ ಕಾಣುತ್ತದೆ ಎಂಬುದು ನಿಜ, ಆದರೆ 10 ಸೆಂ.ಮೀ. ತ್ರಿಜ್ಯದಲ್ಲಿ ಜ್ಯಾಮಿತಿ ಬೇರೆಯೇ ಮಾತಾಡುತ್ತದೆ. ಅಚ್ಚು ಗೆರೆಯ ಮೇಲೆ ಸರಿಯಾಗಿ ಓಡುತ್ತಿದ್ದಾಗ, ಪಟ್ಟಿ ಅಚ್ಚಿನಿಂದ 6 ಸೆಂ.ಮೀ. ಮುಂದಿದ್ದರೆ ಅಲ್ಲಿ ಗೆರೆ ನಡುವಿನಿಂದ 2 ಸೆಂ.ಮೀ. ಪಕ್ಕದಲ್ಲಿರುತ್ತದೆ. 8 ಸೆಂ.ಮೀ. ಮುಂದಿದ್ದರೆ 4 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. 9.5 ಮಿ.ಮೀ. ಅಂತರದ ಎಂಟು ಸೆನ್ಸರುಗಳ ಪಟ್ಟಿ ನಡುವಿನಿಂದ ಆ ಕಡೆ ಈ ಕಡೆ 3.3 ಸೆಂ.ಮೀ. ಮಾತ್ರ ನೋಡಬಲ್ಲದು. ಹೀಗಾಗಿ 6 ಸೆಂ.ಮೀ.ನಲ್ಲಿ ಗೆರೆ ಕಾಣುತ್ತದೆ, 8ರಲ್ಲಿ ಕಳೆದುಹೋಗುತ್ತದೆ ಅಥವಾ ರೋಬೋ ಗೆರೆಯ ಒಳಗಿನಿಂದ ಹಾಯಬೇಕಾಗುತ್ತದೆ. ಜೊತೆಗೆ, ಅಚ್ಚಿನಿಂದ 12 ಸೆಂ.ಮೀ. ದೂರದಲ್ಲಿ 15 ಗ್ರಾಮಿನ ಪಟ್ಟಿ ಇಟ್ಟರೆ ಅದೊಂದರ ಜಡತ್ವವೇ 2,160 ಆಗಿ, ನೀವು ಷಾಸಿ ಕತ್ತರಿಸಿ ಗಳಿಸಿದ್ದರಲ್ಲಿ ಒಂದು ಪಾಲು ಕೈಬಿಟ್ಟುಹೋಗುತ್ತದೆ. ಪಟ್ಟಿ 6 ಸೆಂ.ಮೀ. ಮುಂದೆ, ನೆಲದಿಂದ 3 ಮಿ.ಮೀ. ಎತ್ತರದಲ್ಲಿ, ತೆಳುವಾದ ಬೋರ್ಡಿನ ಮೇಲಿರಲಿ.

ಈಗ ಪ್ರೋಗ್ರಾಮ್. ಹಾರ್ಡ್‌ವೇರ್ ಎಷ್ಟೇ ಹಗುರವಾದರೂ ಇಲ್ಲಿ ಒಂದು ಸಾಲು ಅದನ್ನೆಲ್ಲ ಹಾಳು ಮಾಡಬಲ್ಲದು. ಪರೀಕ್ಷೆಗೆಂದು ಬರೆದ ಸೀರಿಯಲ್ ಪ್ರಿಂಟ್ ಆಜ್ಞೆ (ಅಂಕಿಗಳನ್ನು ಕಂಪ್ಯೂಟರಿಗೆ ಕಳಿಸುವುದು) ಲೂಪಿನೊಳಗೆ ಉಳಿದುಬಿಟ್ಟಿದೆ ಎಂದುಕೊಳ್ಳಿ. 9600 ಬಾಡ್ ದರದಲ್ಲಿ ಒಂದು ಅಕ್ಷರ ಹೊರಹೋಗಲು ಹೆಚ್ಚುಕಡಿಮೆ 1 ಮಿಲಿಸೆಕೆಂಡ್ ಬೇಕು. 64 ಬೈಟಿನ ಬಫರ್ ತುಂಬಿದ ಮೇಲೆ ಪ್ರೋಗ್ರಾಮ್ ಕಾದು ನಿಲ್ಲುತ್ತದೆ. ಪ್ರತಿ ಸುತ್ತಿನಲ್ಲೂ 20 ಅಕ್ಷರ ಮುದ್ರಿಸುವ ರೋಬೋ 20 ಮಿಲಿಸೆಕೆಂಡಿಗೊಮ್ಮೆ ಮಾತ್ರ ಗೆರೆ ನೋಡುತ್ತದೆ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಅದು 4 ಸೆಂ.ಮೀ. ಕುರುಡು ಓಟ. ಅದನ್ನು ತೆಗೆದು, ಡಿಲೇಗಳನ್ನೆಲ್ಲ ತೆಗೆದು, ಲೂಪ್ ಸರಿಯಾಗಿ 1 ಅಥವಾ 2 ಮಿಲಿಸೆಕೆಂಡಿಗೊಮ್ಮೆ ನಡೆಯುವಂತೆ ಟೈಮರ್ ಇಡಿ. ಆರ್ಡುಯಿನೋದಲ್ಲಿ ಒಂದು ಅನಲಾಗ್ ಓದುವಿಕೆಗೆ ಸಾಮಾನ್ಯವಾಗಿ 0.1 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹಿಡಿಯುವುದರಿಂದ ಎಂಟು ಸೆನ್ಸರುಗಳಿಗೆ 0.9 ಮಿಲಿಸೆಕೆಂಡ್ ಹೋಗುತ್ತದೆ. 2 ಮಿಲಿಸೆಕೆಂಡಿನ ಲೂಪಿಗೆ ಅಷ್ಟು ಸಾಕು.

ಪಿಐಡಿಯನ್ನು ಹೊಂದಿಸುವಾಗ ಐ ಪದವನ್ನು (ಹಿಂದಿನ ತಪ್ಪುಗಳ ಮೊತ್ತಕ್ಕೆ ಸ್ಪಂದಿಸುವ ಭಾಗ) ಸೊನ್ನೆಯಲ್ಲಿಯೇ ಇಟ್ಟುಕೊಳ್ಳಿ, ಗೆರೆಯ ಓಟದಲ್ಲಿ ಅದರ ಅವಶ್ಯಕತೆ ಅಪರೂಪ. ಅರ್ಧ ವೇಗದಲ್ಲಿ ಪಿ ಪದವನ್ನು (ಈಗಿನ ತಪ್ಪಿಗೆ ಸ್ಪಂದಿಸುವ ಭಾಗ) ರೋಬೋ ತಲೆ ಅಲ್ಲಾಡಿಸತೊಡಗುವ ತನಕ ಏರಿಸಿ, ಬಳಿಕ ಅಲ್ಲಾಟ ನಿಲ್ಲುವ ತನಕ ಡಿ ಪದವನ್ನು ಏರಿಸಿ, ಆಮೇಲೆ ವೇಗವನ್ನು ಒಂದು ಮೆಟ್ಟಿಲು ಹೆಚ್ಚಿಸಿ ಮತ್ತೆ ಅದನ್ನೇ ಮಾಡಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಬೇಕು, ಬರೆದಿಡಬೇಕು. ಗೆರೆ ಪೂರ್ತಿ ತಪ್ಪಿದರೆ ಕೊನೆಗೆ ಯಾವ ಅಂಚಿನಲ್ಲಿ ಕಂಡಿತ್ತೋ ಆ ಕಡೆಗೆ ಪೂರ್ಣವಾಗಿ ತಿರುಗುವಂತೆ ಬರೆಯಿರಿ, ಮತ್ತು ಒಳಚಕ್ರ ಹಿಮ್ಮುಖವಾಗಿಯೂ ತಿರುಗಲು ಅವಕಾಶ ಕೊಡಿ.

ನಾನು ತೀರ್ಪುಗಾರನಾಗಿದ್ದ ಒಂದು ಸ್ಪರ್ಧೆಯಲ್ಲಿ ಹಿಂದಿನ ರಾತ್ರಿ ಚೆನ್ನಾಗಿ ಓಡುತ್ತಿದ್ದ ರೋಬೋ ಬೆಳಿಗ್ಗೆ ಮೊದಲ ನೇರದಲ್ಲಿಯೇ ತೂಗಾಡಿ ಹೊರಗೆ ಹೋಯಿತು. ಹುಡುಗರು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಕುಳಿತರು. ತಪ್ಪು ಇದ್ದದ್ದು ಚಾರ್ಜರಿನಲ್ಲಿ: ರಾತ್ರಿ 7 ವೋಲ್ಟಿಗೆ ಇಳಿದ ಬ್ಯಾಟರಿಯಲ್ಲಿ ಅಂಕಿಗಳನ್ನು ಹೊಂದಿಸಿದ್ದರು, ಬೆಳಿಗ್ಗೆ ಅದನ್ನು 8.4 ವೋಲ್ಟಿಗೆ ತುಂಬಿಕೊಂಡು ಬಂದಿದ್ದರು. ಅದೇ ಪಿಡಬ್ಲ್ಯುಎಂಗೆ ಮೋಟರ್ ಶೇಕಡಾ 20 ಹೆಚ್ಚು ವೋಲ್ಟೇಜ್ ಪಡೆದಾಗ ನಿನ್ನೆಯ ಪಿ, ಡಿ ಇಂದಿನವಾಗಿ ಉಳಿಯುವುದಿಲ್ಲ. ಎರಡು 10 ಕಿಲೋ ಓಮ್ ರೆಸಿಸ್ಟರುಗಳಿಂದ ಬ್ಯಾಟರಿ ವೋಲ್ಟೇಜನ್ನು ಅರ್ಧ ಮಾಡಿ ಒಂದು ಅನಲಾಗ್ ಪಿನ್ನಿಗೆ ಕೊಡಿ, ಮೋಟರಿಗೆ ಹೋಗುವ ಪ್ರತಿ ಅಂಕಿಯನ್ನು 7ನ್ನು ಅಳೆದ ವೋಲ್ಟೇಜಿನಿಂದ ಭಾಗಿಸಿ ಬಂದದ್ದರಿಂದ ಗುಣಿಸಿ. ಪೂರ್ಣ ಚಾರ್ಜಿನ ಒಂದಿಷ್ಟು ವೇಗವನ್ನು ಬಿಟ್ಟುಕೊಟ್ಟಂತಾಗುತ್ತದೆ, ಅದಕ್ಕೆ ಬದಲಾಗಿ ಪ್ರತಿ ಓಟವೂ ಒಂದೇ ರೀತಿ ಇರುತ್ತದೆ. ಲಿಪೋ ಸೆಲ್ಲನ್ನು 3 ವೋಲ್ಟಿಗಿಂತ ಕೆಳಗೆ ಇಳಿಯಲು ಬಿಡಬಾರದು, ಚಾರ್ಜಿಗೆ ಇಟ್ಟು ಎದ್ದು ಹೋಗಬಾರದು, ಉಬ್ಬಿದ ಸೆಲ್ಲನ್ನು ಮತ್ತೆ ಬಳಸಬಾರದು.

ಗಾಳಿ ಹೀರಿ ರೋಬೋವನ್ನು ನೆಲಕ್ಕೆ ಒತ್ತುವ ಫ್ಯಾನ್ ಬಗ್ಗೆ ನೀವು ಕೇಳಿಲ್ಲ, ಆದರೆ ವೇಗದ ರೋಬೋಗಳ ವಿಡಿಯೋ ನೋಡಿದವರೆಲ್ಲ ಕೊನೆಗೆ ಅಲ್ಲಿಗೇ ಬರುತ್ತಾರೆ. ನಿಮ್ಮ ನಿಯಮದಲ್ಲಿ ಅದಕ್ಕೆ ಅವಕಾಶವಿದೆಯೇ ಎಂದು ಮೊದಲು ಓದಿ. ಇದ್ದರೆ, ಮೇಲೆ ಹೊಡೆದುಹೋಗಿದ್ದ ದ್ರವ್ಯರಾಶಿ ಇಲ್ಲಿ ರಾಜಾರೋಷವಾಗಿ ಮರಳಿ ಬರುತ್ತದೆ, ಏಕೆಂದರೆ ಫ್ಯಾನಿನ ಒತ್ತಡ ರೋಬೋವಿನ ತೂಕವನ್ನು ಅವಲಂಬಿಸಿಲ್ಲ. 100 ಗ್ರಾಂ ತೂಕದಷ್ಟು ಒತ್ತುವ ಫ್ಯಾನ್ 100 ಗ್ರಾಮಿನ ರೋಬೋವಿನ ತಿರುವಿನ ವೇಗವನ್ನು ಶೇಕಡಾ 41ರಷ್ಟು ಏರಿಸುತ್ತದೆ, 600 ಗ್ರಾಮಿನದಕ್ಕೆ ಅದೇ ಫ್ಯಾನ್ ಕೊಡುವುದು ಶೇಕಡಾ 8. ಚಕ್ರಗಳಿಗೆ ಎನ್‌ಕೋಡರ್ (ಚಕ್ರ ಎಷ್ಟು ತಿರುಗಿತೆಂದು ಎಣಿಸುವ ಸಾಧನ) ಹಾಕಿ ಮೊದಲ ಸುತ್ತಿನಲ್ಲಿ ಅಂಕಣವನ್ನು ನೆನಪಿಟ್ಟುಕೊಂಡು ಎರಡನೆಯ ಸುತ್ತಿನಲ್ಲಿ ನೇರಗಳಲ್ಲಿ ಮಾತ್ರ ವೇಗ ಏರಿಸುವ ವಿಧಾನವೂ ಇದೆ, ಅದು ಫ್ಯಾನಿಗಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಈ ವರ್ಷದ ರೋಬೋವಿಗೆ ಸೇರಿಸಬೇಡಿ.

ಏನನ್ನೂ ಕೊಳ್ಳುವ ಮೊದಲು ಈಗಿರುವ ರೋಬೋವಿನಲ್ಲೇ ಒಂದು ಸಂಜೆಯ ಕೆಲಸವಿದೆ. ಮೇಲಿನ ಅಂತಸ್ತನ್ನು ತೆಗೆದುಹಾಕಿ, ಸೆಲ್ಲುಗಳನ್ನು ಕೆಳಗಿನ ಹಲಗೆಯಲ್ಲಿ ಅಚ್ಚಿನ ಪಕ್ಕಕ್ಕೆ ಕಟ್ಟಿ, ಉಳಿದ ಹಲಗೆಯನ್ನು ಗರಗಸದಿಂದ 10 ಸೆಂ.ಮೀ. ಅಗಲಕ್ಕೆ ಕೊಯ್ದು ಮೋಟರುಗಳನ್ನು ಒಳಕ್ಕೆ ತನ್ನಿ, ನೇರದ ಪಿಡಬ್ಲ್ಯುಎಂ ಅನ್ನು 170ಕ್ಕೆ ಇಳಿಸಿ, ಸೀರಿಯಲ್ ಪ್ರಿಂಟ್ ಅಳಿಸಿ. ಅದೇ ಮೋಟರ್, ಅದೇ ಡ್ರೈವರಿನಲ್ಲಿ ಒಂದು ಸುತ್ತಿನ ಸಮಯ ಎಷ್ಟು ಬಂತು ಎಂದು ಅಳೆದು, ಆ ಅಂಕಿಯನ್ನೂ ತಿರುವಿನ ಸ್ಲೋ ಮೋಷನ್ ವಿಡಿಯೋದಲ್ಲಿ ಕಂಡದ್ದನ್ನೂ ಬರೆದು ಕಳಿಸಿ. ಹೊಸ ಬೋರ್ಡಿನ ಅಳತೆಗಳನ್ನು ಅದರ ಮೇಲಿನಿಂದ ನಿರ್ಧರಿಸೋಣ.